ಅಂಗೈ ಇಟ್ಟ ಪಕ್ಕೆಗಳು

ಕ್ರಿಸ್ತಶಕ ೨೨೫೮, ಮೂರನೇ ಬೇಸಿಗೆ, ಸುಳಿಗಾಳಿ ಎದ್ದ ಎರಡನೇ ವಾರ
ತುಂಗಭದ್ರೆಯ ಒಣಪಾತ್ರದ ಬಿಡಾರದಿಂದ

ಬಸ್ಸುಗಳನ್ನು ಕಟ್ಟಿದ ಹಿರಿಯರಿಗೆ ಕೆಂಚವ್ವ ಮಾಡುವ ನಮಸ್ಕಾರಗಳು.

ವರ್ಷಕ್ಕೆ ಮೂರು ಬೇಸಿಗೆ ಎಂದರೆ ನಿಮಗೆ ನಗು ಬರಬಹುದು. ನಮ್ಮ ಹಿಂದಿನವರಿಗೂ ಮೊದಲು ಬರುತ್ತಿತ್ತಂತೆ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಸೀಟುಗಳ ಸಂದಿಯಲ್ಲಿ ಸಿಕ್ಕ ಹರಕು ಕಾಗದಗಳಿಂದ ಕಲಿತವಳು. ಆದ್ದರಿಂದ ಮಾತು ಎಲ್ಲಾದರೂ ಎಡವಿದರೆ, ಪದ ವಿಚಿತ್ರವಾಗಿ ಕಂಡರೆ, ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ಕಷ್ಟ ಬಂದಾಗ ಕಟ್ಟಿದವರಿಗೆ ಬರೆಯುವುದು ನಮ್ಮಲ್ಲಿ ವಾಡಿಕೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ, ನನಗೂ ಬರುವುದಿಲ್ಲವೆಂದು ಗೊತ್ತಿದೆ.

ನಾವು ಮನೆ ಕಟ್ಟುವುದಿಲ್ಲ. ನೀವು ಬಿಟ್ಟುಹೋದ ಬಸ್ಸುಗಳಲ್ಲೇ ಹುಟ್ಟುತ್ತೇವೆ, ಅಡುಗೆ ಮಾಡುತ್ತೇವೆ, ಜಗಳವಾಡುತ್ತೇವೆ, ಸಾಯುತ್ತೇವೆ. ಬಸ್ಸಿನ ನೆತ್ತಿಯ ಮಾಡಿನ ಮೇಲೆ ಬಿಸಿಲುಹಾಳೆ ಹಾಸಿರುತ್ತೇವೆ. ಬಿಸಿಲನ್ನು ಕುಡಿದು ಗಾಲಿ ತಿರುಗಿಸುವ ಹಾಳೆ ಅದು. ಅದರ ಪಕ್ಕದಲ್ಲೇ ನೀರಿನ ತೊಟ್ಟಿ, ಮೇಕೆಗಳ ಮೇವು, ಹರಕುಮುರುಕು ಸಾಮಾನು. ಹಾಗಾಗಿ ನಮ್ಮ ಬಸ್ಸುಗಳಿಗೆಲ್ಲ ತಲೆಭಾರ. ಮೂರನೇ ಬೇಸಿಗೆಯಲ್ಲಿ ಇಲ್ಲಿ ಉಳಿದರೆ ಬೆಂದುಹೋಗುತ್ತೇವೆ, ಹೊರಟರೆ ಬಯಲು ದಾಟಿ ಪಡುವಣದ ಗುಡ್ಡಗಳಿಗೆ ಹೋಗಬೇಕು. ಆ ಬಯಲಲ್ಲಿ ಸುಳಿಗಾಳಿ ಏಳುತ್ತದೆ, ಬಸ್ಸನ್ನು ಎತ್ತಿ ಮಗುಚುತ್ತದೆ. ಮಗುಚಿದಾಗ ಕಿಟಕಿಗಳ ನಡುವಿನ ಕಂಬಗಳು ತಡೆದುಕೊಂಡರೆ ಒಳಗಿದ್ದವರು ಮೈಕೈ ತರಚಿಕೊಂಡು ಹೊರಗೆ ತೆವಳುತ್ತಾರೆ. ಕಂಬ ಮಡಚಿಕೊಂಡರೆ ಮಾಡು ಸೀಟಿನವರೆಗೆ ಇಳಿಯುತ್ತದೆ. ಆಮೇಲೆ ಹೊರಗೆ ಬರುವವರು ಯಾರೂ ಇರುವುದಿಲ್ಲ.

ನಿಮ್ಮ ಕಂಬಗಳು ಪೊಳ್ಳು. ತಗಡು ತುಕ್ಕು ಹಿಡಿದು ಹಪ್ಪಳವಾಗಿದೆ, ಬೆಸುಗೆ ಹಾಕಲು ಹೋದರೆ ತೂತು ಬೀಳುತ್ತದೆ, ಬೆಸುಗೆ ಹಾಕುವಷ್ಟು ಕರೆಂಟೂ ನಮ್ಮಲ್ಲಿಲ್ಲ. ಆದರೆ ಕೆಲವು ಬಸ್ಸುಗಳ ಕಂಬಗಳನ್ನು ಬಿಚ್ಚಿದಾಗ, ಒಳಗೆ ಇನ್ನೊಂದು ತಗಡಿನ ಪಕ್ಕೆಯನ್ನು ನೀವು ಬರೀ ಅಂಟಿನಿಂದ ಕೂರಿಸಿದ್ದು ಕಂಡಿತು. ಇಷ್ಟು ತಲೆಮಾರು ಕಳೆದರೂ ಅದು ಅಲ್ಲಾಡಿರಲಿಲ್ಲ. ಅದನ್ನು ನೋಡಿ ನಮ್ಮ ಹಿಂದಿನವರೂ ಕಲಿತರು. ಜಾಲಿಮರದ ಗೋಂದಿಗೆ ನಿಮ್ಮ ಹಳೆಯ ಉಗ್ರಾಣಗಳಲ್ಲಿ ಉಳಿದಿರುವ, ಅಂಟನ್ನು ಕಲ್ಲಾಗಿಸುವ ಗಟ್ಟಿರಸ ಬೆರೆಸಿ ಬೆಸೆಯಂಟು ಮಾಡಿದರು. ಕಂಬದ ಪೊಳ್ಳಿಗೆ ಸರಿಯಾಗಿ ಪಕ್ಕೆ ಬಾಗಿಸಿ, ಬೆನ್ನಿಗೆ ಅಂಟು ಬಳಿದು ಒಳಗೆ ಒತ್ತಿದರು. ಒಂದು ಪಕ್ಕೆ ಸೇರಿದರೆ ಕಂಬ ದುಪ್ಪಟ್ಟು ಗಟ್ಟಿ.

ಇಷ್ಟೇ ಮಾಡಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ನಾವು ಅದಕ್ಕೊಂದು ಅಂಗೈಶಾಸ್ತ್ರ ಸೇರಿಸಿದೆವು. ಅಂಟು ಬಳಿಯುವ ಮುಂಚೆ, ಆ ಬಸ್ಸಿನಲ್ಲಿ ಬಾಳುವವರೂ ಅವರ ಬಂಧುಬಳಗವೂ ಹರಳೆಣ್ಣೆಯಲ್ಲಿ ಅಂಗೈ ಅದ್ದಿ ಪಕ್ಕೆಯ ಬೆನ್ನ ಮೇಲೆ ಒಂದೊಂದು ಸಲ ಒತ್ತುತ್ತಾರೆ. ಮನೆಯವರ ಕೈಗಳೆಲ್ಲ ಗೋಡೆಯೊಳಗಿದ್ದು ಕಾಯುತ್ತವೆ ಎಂಬ ನಂಬಿಕೆ. ಕೂಸು ಹುಟ್ಟಿದರೆ ಹೊಸ ಪಕ್ಕೆ, ಸೊಸೆ ಬಂದರೆ ಹೊಸ ಪಕ್ಕೆ. ಪ್ರೀತಿಯಿಂದ ಹುಟ್ಟಿದ ಪದ್ಧತಿ ಇದು, ಅದೇ ನನ್ನ ಸಂಕಟ.

ಹೋದ ವಾರ, ಎಲ್ಲರಿಗಿಂತ ಮೊದಲು ಬಯಲಿಗೆ ಇಳಿದ ಯಂಕಪ್ಪನ ಬಸ್ಸು ಮಗುಚಿತು. ನಮ್ಮ ಬಿಡಾರದಲ್ಲೇ ದೊಡ್ಡ ಕುಟುಂಬ ಅವನದು. ಹೆಣಗಳನ್ನು ತೆಗೆಯಲು ಹೋದವರಲ್ಲಿ ನಾನೂ ಇದ್ದೆ. ಮಡಚಿದ ಕಂಬಗಳಿಂದ ಪಕ್ಕೆಗಳು ಬಾಳೆಹಣ್ಣಿನ ಸಿಪ್ಪೆ ಬಿಟ್ಟಂತೆ ಬಿಟ್ಟುಕೊಂಡಿದ್ದವು. ಒಂದನ್ನು ತಿರುಗಿಸಿ ನೋಡಿದೆ. ಬೆನ್ನಿನ ಸುತ್ತ ಅಂಚಿನಲ್ಲಿ ಮಾತ್ರ ಅಂಟು ಕಚ್ಚಿ ಹರಿದಿತ್ತು. ನಡುವೆಲ್ಲ ತಗಡು ಬೆಳ್ಳಗೆ, ನುಣ್ಣಗೆ ಇತ್ತು, ಆ ನುಣುಪಿನ ಆಕಾರ ಅಂಗೈ. ಯಂಕಪ್ಪನ ಅಗಲ ಅಂಗೈ, ಅವನ ಹೆಂಡತಿಯದು, ಮಕ್ಕಳದು, ಬೆರಳು ಬೆರಳೂ ಎಣಿಸುವ ಹಾಗೆ. ಎಣ್ಣೆ ತಾಗಿದ ಕಡೆ ಅಂಟು ಹಿಡಿದೇ ಇರಲಿಲ್ಲ. ನಿಮ್ಮ ಅಂಟು ಕುಲುಮೆಯಲ್ಲಿ ಬೇಯುವಾಗ ಅಳಿದುಳಿದ ಎಣ್ಣೆಯನ್ನೂ ಒಳಗೆ ಎಳೆದುಕೊಳ್ಳುತ್ತಿತ್ತಂತೆ. ನಮ್ಮ ಅಂಟಿಗೆ ಆ ಯೋಗ್ಯತೆಯಿಲ್ಲ.

ಆಗ ನನಗೆ ಬಾಳಪ್ಪನ ನೆನಪಾಯಿತು. ಬಾಳಪ್ಪ ಒಂಟಿ ಮನುಷ್ಯ, ಹಿಂದುಮುಂದು ಯಾರೂ ಇಲ್ಲ. ಅವನ ಪಕ್ಕೆಗಳಿಗೆ ಅಂಗೈ ಇಡುವವರೇ ಇರಲಿಲ್ಲ. ತನಗೆ ತಾನೇ ಆಶೀರ್ವಾದ ಮಾಡಿಕೊಳ್ಳುವುದು ಹೇಗೆಂದು ಅವನೂ ಬಿಟ್ಟುಬಿಟ್ಟಿದ್ದ. ಬರಿಗಂಬದ ಬಸ್ಸು ಎಂದು ಎಲ್ಲರೂ ತಮ್ಮ ಬಸ್ಸುಗಳನ್ನು ಅದರಿಂದ ದೂರ ನಿಲ್ಲಿಸಿಕೊಳ್ಳುತ್ತಿದ್ದರು. ಹೋದ ವರ್ಷ ಇದೇ ಬಯಲಲ್ಲಿ ಆ ಬಸ್ಸು ಎರಡು ಉರುಳು ಉರುಳಿತ್ತು. ಬಾಳಪ್ಪ ಕಿಟಕಿಯಿಂದ ಇಳಿದು ಬಂದು ನೀರು ಕೇಳಿದ್ದ. ಗಟ್ಟಿಜೀವ ಎಂದು ಆಡಿಕೊಂಡಿದ್ದರು.

ನನ್ನ ಮಗಳು ಹುಲಿಗೆಮ್ಮನಿಗೆ ಮೂರು ತಿಂಗಳ ಕೂಸಿದೆ. ಅವಳ ಬಸ್ಸಿನ ಎಲ್ಲ ಪಕ್ಕೆಗಳಲ್ಲೂ ಅಂಗೈಗಳಿವೆ. ಬಯಲು ದಾಟುವವರೆಗೆ ಕೂಸನ್ನು ಎತ್ತಿಕೊಂಡು ಬಾಳಪ್ಪನ ಬಸ್ಸಿಗೆ ಹತ್ತು ಎಂದು ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅಳಿಯ ತಲೆ ತಗ್ಗಿಸಿ ಹೊರಗೆ ಹೋದ. ಹುಲಿಗೆಮ್ಮ ಕೂಸಿನ ಬೆನ್ನು ತಟ್ಟುತ್ತಾ ಹೇಳಿದಳು, "ಯವ್ವಾ, ಈ ಕಂಬದಾಗ ಅಪ್ಪನ ಕೈ ಐತಿ. ಅಪ್ಪ ಇನ್ನೆಲ್ಲಿ ಅದಾನ ಹೇಳು? ಇದರಾಗ ಅಷ್ಟ ಅದಾನ. ಅವನ ಕೈ ಬಿಟ್ಟು, ಯಾರ ಕೈನೂ ಇಲ್ಲದ ಬಸ್ಸಿನಾಗ ನನ್ನ ಕೂಸು ಮಲಗಿಸ್ಲ್ಯಾ?" ನನ್ನ ಗಂಡ ಸತ್ತು ವರ್ಷ ತುಂಬಿಲ್ಲ. ಅವನ ಕೈಯೇ ನಿನ್ನನ್ನು ಕೊಲ್ಲುತ್ತದೆ ಎಂದು ತಾಯಿಯಾದವಳು ಯಾವ ಬಾಯಲ್ಲಿ ಹೇಳುವುದು? ಆದರೂ ಹೇಳಿದೆ. ಅವಳು ಮುಖ ತಿರುಗಿಸಿದಳು.

ಬಿಡಾರದ ಹಿರಿಯರ ಮುಂದೆ ಯಂಕಪ್ಪನ ಪಕ್ಕೆ ಇಟ್ಟೆ. ಅವರು ಅಂಗೈಗುರುತು ನೋಡಿ ಕೈಮುಗಿದರು. ಸಾಯುವಾಗಲೂ ಕೈಗಳು ಕಾಣಿಸಿಕೊಂಡವಲ್ಲ ಎಂದು ಕಣ್ಣೊರೆಸಿಕೊಂಡರು. ಹಿರಿಯ ಗಾದಿಲಿಂಗ ನನಗೆ ಸಮಾಧಾನ ಹೇಳಿದ, "ಗಂಡ ಹ್ವಾದ ದುಃಖ, ಮಾತಾಡಸ್ತೈತಿ ಬಿಡವಾ." ಆಮೇಲೆ ಅವರೇ ಒಂದು ತೀರ್ಮಾನಕ್ಕೆ ಬಂದರು. ನಮ್ಮೊಂದಿಗೆ ಅನಾಥವಾಗಿ ಒಂದು ಬರಿಗಂಬದ ಬಸ್ಸು ಇರುವುದರಿಂದಲೇ ಗಾಳಿ ಮುನಿದಿದೆ, ಬಾಳಪ್ಪನಿಗೆ ಇಡೀ ಬಿಡಾರವೇ ಬಂಧುವಾಗಬೇಕು ಎಂದು. ಅವನ ಹಳೆಯ ಪಕ್ಕೆಗಳನ್ನು ಕೀಳಲು ಉಳಿ, ಸುತ್ತಿಗೆ, ಬೆಂಕಿ ಎಲ್ಲ ಬೇಕಾಯಿತು. ಗಂಡಸರು ಬೆವರಿ ಬಸವಳಿದರು, ಬೈದುಕೊಂಡರು. ಯಂಕಪ್ಪನ ಪಕ್ಕೆ ತಾನಾಗಿ ಬಿದ್ದಿತ್ತಲ್ಲ, ಇದು ಯಾಕೆ ಬರುತ್ತಿಲ್ಲ ಎಂದು ಒಬ್ಬನಿಗಾದರೂ ಹೊಳೆಯಲಿಲ್ಲ. ನಾನು ಕೂಗಿದೆ. ಹೆಂಗಸರು ನನ್ನನ್ನು ಹಿಡಿದು ನೆರಳಿಗೆ ಕೂರಿಸಿದರು. ಉಳಿದಿದ್ದ ಗಟ್ಟಿರಸವನ್ನೆಲ್ಲ ಅವನ ಹೊಸ ಪಕ್ಕೆಗಳ ಅಂಟಿಗೆ ಅವತ್ತೇ ಸುರಿದು ಮುಗಿಸಿದರು.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನಿಮ್ಮ ಪಕ್ಕೆಗಳನ್ನು ತೊಳೆದು, ಒಣಗಿಸಿ, ಯಂತ್ರಗಳೇ ಕೂರಿಸುತ್ತಿದ್ದವಂತೆ; ಯಾವ ಮನುಷ್ಯನ ಕೈಯೂ ತಾಗದೆ. ಹಾಗಾಗಿ ಕೈ ತಾಗಬಾರದು ಎಂಬ ಮಾತನ್ನು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ತಗಡಿನ ಮೇಲೆ ನೀವು ಒತ್ತಿದ್ದು ಬರೀ ಅಂಕಿಗಳನ್ನು. ಅವಕ್ಕೂ ನಾವು ಕುಂಕುಮ ಹಚ್ಚುತ್ತೇವೆ. ಒಂದು ಬೇಡಿಕೆ. ಇನ್ನು ಮುಂದೆ ಕಟ್ಟುವಾಗ ಅಂಕಿಯ ಪಕ್ಕದಲ್ಲಿ ಎರಡು ಮಾತು ಒತ್ತಿ: ಒರೆಸಿರಿ, ಮುಟ್ಟಬೇಡಿರಿ. ಕಾಗದದಲ್ಲಿ ಬೇಡ, ಕಾಗದ ಉಳಿಯುವುದಿಲ್ಲ. ತಗಡಿನಲ್ಲೇ ಒತ್ತಿ. ನನ್ನ ಮಾತು ಕೇಳದವರು ನಿಮ್ಮ ಮಾತಿಗೆ ತಲೆಬಾಗುತ್ತಾರೆ.

ಬಾಳಪ್ಪನ ಶಾಸ್ತ್ರ ಮುಗಿಯಿತು. ಬಿಡಾರವೆಲ್ಲ ಸಾಲುಗಟ್ಟಿ ಬಂತು. ಹುಲಿಗೆಮ್ಮ ಕೂಸಿನ ಅಂಗೈಯನ್ನೂ ಅದ್ದಿ ಒತ್ತಿದಳು. ಬಾಳಪ್ಪ ಅಳುತ್ತಿದ್ದ, ಹುಟ್ಟಿದಾಗಿನಿಂದ ಅವನ ಬಾಗಿಲಿಗೆ ಅಷ್ಟು ಜನ ಬಂದಿರಲಿಲ್ಲ. ಕೊನೆಗೆ ಎಣ್ಣೆಯ ಬಟ್ಟಲು ಹಿಡಿದು ನನ್ನ ಮುಂದೆ ಬಂದು ನಿಂತ. "ನೀವೂ ಒಂದ್ ಕೈ ಇಡ್ರಿ, ಯಕ್ಕಾ" ಎಂದ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವನ ಮುಖ ಬಾಡಿತು. ಮಗಳು ನನ್ನನ್ನು ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

ಬೆಳಗಾದರೆ ಬಯಲಿಗೆ ಇಳಿಯುತ್ತೇವೆ. ನಾನು ಮಗಳ ಬಸ್ಸಿನಲ್ಲೇ ಇರುತ್ತೇನೆ, ಕೂಸು ನನ್ನ ಮಡಿಲಲ್ಲಿರುತ್ತದೆ. ಬಾಳಪ್ಪನ ಬಾಗಿಲ ಪಕ್ಕದ ಕಂಬದಲ್ಲಿ, ಎಲ್ಲರ ಕೈಗಳ ನಡುವೆ, ನನಗೆಂದು ಬಿಟ್ಟಿದ್ದ ಒಂದು ಅಂಗೈಯಷ್ಟು ಜಾಗ ಬರಿದಾಗಿ ಉಳಿಯಿತು. ಅಲ್ಲಿ ಅಂಟು ಹಿಡಿದಿದೆ.