ಬಸವನಹುಳದ ಬಾಯಿ

ಹೊಸಪೇಟೆ
೫ ಅಕ್ಟೋಬರ್ ೨೦೦೭, ಶುಕ್ರವಾರ

ಶಂಭುಲಿಂಗ ಅವರಿಗೆ ಸೌಜನ್ಯ ಮಾಡುವ ನಮಸ್ಕಾರಗಳು.

ನಿಮ್ಮ ಹೆಸರು ಹಿಡಿದು ಬರೀತಿರೋದು ಇದೇ ಮೊದಲು. ‘ರೀ’ ಅಂತ ಶುರು ಮಾಡಿದ್ದೆ, ಹೊಡೆದು ಹಾಕಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ. ಅವ್ವ ಹಿಂದೆ ನಿಂತು ಓದಿ, ಗಂಡನ ಹೆಸರು ಹಂಗೆಲ್ಲ ಬರೀತಾರೇನ ಅಂತ ಗೊಣಗಿಕೊಂಡು ಒಳಗೆ ಹೋದಳು.

ಕಂಪ್ಲಿಯಿಂದ ನೀವು ಬರೆದದ್ದು ಮುಟ್ಟಿತು. ಹುಳದ ಹುಚ್ಚು ಬಿಟ್ಟು ದಸರಾಕ್ಕೆ ಮನೆಗೆ ಬಾ ಅಂದಿದ್ದೀರಿ. ಹುಚ್ಚಂತೆ! ನನ್ನ ಇಡೀ ಪಿಎಚ್‌ಡಿ ಈಗ ಒಂದೇ ಪ್ರಶ್ನೆ ಮೇಲೆ ನಿಂತಿದೆ. ಸಂಡೂರಿನ ಗುಡ್ಡದ ಬಸವನಹುಳ, ಬುಕ್ಕಸಾಗರದ ಬಂಡೆ ಸಂದಿಯ ಬಸವನಹುಳ, ಎರಡೂ ಒಂದೇ ಜಾತಿನೋ, ಬೇರೆ ಬೇರೆನೋ? ಬೇರೆ ಅಂತಾದರೆ, ಈ ಜೀವ ಆ ಗುಡ್ಡ ಬಿಟ್ಟು ಎಲ್ಲೂ ಇಲ್ಲ, ಅಗೆಯೋದನ್ನ ನಿಲ್ಲಿಸಿ ಅಂತ ಅರ್ಜಿ ಹಾಕಬಹುದು. ಒಂದೇ ಅಂತಾದರೆ ಗುಡ್ಡ ಅದಿರಾಗಿ ನಿಮ್ಮ ಲಾರಿ ಹತ್ತುತ್ತದೆ. ನಾವು ಜಗಳ ಆಡಿದ್ದೂ ಅದಕ್ಕೇ ಅಲ್ಲವಾ? ಹುಳ ಮುಖ್ಯನೋ ಸಂಸಾರ ಮುಖ್ಯನೋ ಅಂತ ನೀವು ಕೇಳಿದಿರಿ, ನಾನು ಬಸ್ ಹತ್ತಿ ಅವ್ವನ ಮನೆಗೆ ಬಂದೆ.

ಉತ್ತರ ಹೇಳಬೇಕಾದದ್ದು ಸಾಫ್ಟ್‌ವೇರು. ಚಿಪ್ಪುಗಳನ್ನ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದ್ದು ನಿಮಗೆ ಗೊತ್ತಲ್ಲ. ಉಬ್ಬು, ತಗ್ಗು, ಸುರುಳಿ ಎಲ್ಲ ಹಂಗಂಗೇ ಕಂಪ್ಯೂಟರಿಗೆ ಬಂದಿದೆ, ಬೇಕಾದ ಕಡೆಗೆ ತಿರುಗಿಸಿ ನೋಡಬಹುದು. ಆದರೆ ಆ ಆಕಾರಗಳನ್ನ ಒಂದಕ್ಕೊಂದು ಹೋಲಿಸೋ ಪ್ರೋಗ್ರಾಮು ಯಾವುದು ಅನ್ನೋದರಲ್ಲೇ ನನ್ನ ತಲೆ ಕೆಟ್ಟು ಮೊಸರುಗಡಿಗೆ ಆಗಿದೆ.

ಒಂದು ಪುಕ್ಕಟೆ ಸಿಗೋದು. ಅದಕ್ಕೆ ಪ್ರತಿ ಚಿಪ್ಪಿನ ಮೇಲೂ ಅದೇ ಅದೇ ಜಾಗದಲ್ಲಿ ಚುಕ್ಕಿ ಇಟ್ಟು ಕೊಡಬೇಕು, ರಂಗೋಲಿ ಇಟ್ಟ ಹಂಗೆ. ಗುಂಡನೆ ಚಿಪ್ಪಿನಲ್ಲಿ ಗುರುತು ಎಲ್ಲಿಂದ ತರಲಿ? ಹುಳ ಹೊರಗೆ ಬರೋ ಬಾಯಿಯ ಅಂಚಿನಲ್ಲಿ ಮಾತ್ರ ಸರಿಯಾಗಿ ಸಿಗುತ್ತೆ, ಹಾಗಾಗಿ ಚುಕ್ಕಿಯೆಲ್ಲ ಅಲ್ಲೇ. ಇನ್ನೊಂದು ದುಡ್ಡಿನದು. ಅದು ಇಡೀ ಮೈಯನ್ನೇ ಹೋಲಿಸುತ್ತೆ, ಆದರೆ ಒಂದು ಸಣ್ಣ ಕೀಲಿಯಂಥದ್ದನ್ನ ಕಂಪ್ಯೂಟರಿಗೆ ಚುಚ್ಚದಿದ್ದರೆ ಅಲುಗಾಡೋದಿಲ್ಲ. ಕೀಲಿ ಇರೋದು ನನ್ನ ಗೈಡ್ ಪಾಲಯ್ಯ ಸರ್ ಜೇಬಿನಲ್ಲಿ, ಸರ್ ಇರೋದು ಯಾವುದೋ ಸೆಮಿನಾರಿನಲ್ಲಿ. ಕೀಲಿ ಸಿಕ್ಕ ದಿನ ಕರೆಂಟ್ ಇರೋದಿಲ್ಲ. ಮೂರನೆಯದಕ್ಕೆ ನಾನೇ ಕಮಾಂಡ್ ಬರೀಬೇಕಂತೆ. ಒಂದು ಕಾಮಾ ತಪ್ಪಿದರೆ ಪರದೆ ತುಂಬ ಕೆಂಪಕ್ಷರದಲ್ಲಿ ಬೈತದೆ. ಅದಕ್ಕೆ ದೊಡ್ಡ ನಮಸ್ಕಾರ ಹಾಕಿ ಎದ್ದು ಬಂದೆ.

ಅಂತೂ ಎರಡರಲ್ಲಿ ಮಾಡಿ ಮುಗಿಸಿದೆ. ಗುಡ್ಡದ ಹುಳ ಬೇರೆ, ಬುಕ್ಕಸಾಗರದ್ದು ಬೇರೆ ಅಂತ ಪುಕ್ಕಟೆಯದು ಹೇಳ್ತು. ಎರಡೂ ಒಂದೇ ಅಂತ ದುಡ್ಡಿನದು ಹೇಳ್ತು. ಅವೇ ಚಿಪ್ಪು, ಅವೇ ಸ್ಕ್ಯಾನು! ಚುಕ್ಕಿ ತಪ್ಪಿರಬೇಕು ಅಂತ ಎಲ್ಲ ಅಳಿಸಿ ಮತ್ತೆ ಇಟ್ಟೆ, ಮತ್ತೆ ಅದೇ ಹಾಡು. ಕಂಪ್ಯೂಟರನ್ನ ಎತ್ತಿ ಕಾಲುವೆಗೆ ಒಗೆಯೋಣ ಅನ್ನಿಸ್ತು. ಬೇರೆ ಅನ್ನೋದನ್ನೇ ಆರಿಸ್ಕೋ, ಹೆಸರು ಬರ್ತದೆ ಅಂತ ಪಾಲಯ್ಯ ಸರ್ ಅಂದರು. ನಿಮ್ಮನ್ನ ಕೇಳಿದರೆ ಒಂದೇ ಅನ್ನೋದನ್ನ ಆರಿಸು ಅಂತೀರಿ. ನಿಜ ಹೇಳೋದು ಯಾವುದು ಅಂತ ಒಬ್ಬರಿಗೂ ಬೇಕಾಗಿಲ್ಲ.

ಒಂದು ಮಾತು ಮಾತ್ರ ಮುಚ್ಚಿಡೋದಿಲ್ಲ. ಸ್ಕ್ಯಾನಿಗೆ ಹೊರಡೋ ಹಿಂದಿನ ದಿನ ಗುಡ್ಡದ ಚಿಪ್ಪಿಗೆಲ್ಲ ಅದಿರಿನ ಕೆಂಪು ಧೂಳು ಮೆತ್ತಿತ್ತು, ಬ್ರಷ್ಷಿಗೂ ಬಗ್ಗಲಿಲ್ಲ. ನಾನು ಮುಖ ಊದಿಸಿಕೊಂಡು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆಯಲ್ಲಿ ಬೆಳ್ಳಗೆ ಕೂತಿದ್ದವು. ಬುಕ್ಕಸಾಗರದವು ಮೊದಲೇ ಚೊಕ್ಕ ಇದ್ದವು, ಅವನ್ನ ನೀವು ಮುಟ್ಟಿರಲಿಲ್ಲ. ‘ತೊಳೆದಿಟ್ಟೀನಿ, ಜಲ್ದಿ ಹೊಂಡು’ ಅಂದಿರಿ, ಅಷ್ಟೇ. ಇಷ್ಟು ಜಗಳದ ನಡುವೆಯೂ ಆ ಬೆಳಗು ನನಗೆ ನೆನಪಾಗ್ತಾ ಇರ್ತದೆ.

ಆದರೂ ದಸರಾಕ್ಕೆ ಬರೋದಿಲ್ಲ. ಸೋಮವಾರ ‘ಬೇರೆ’ ಅನ್ನೋ ಫಲಿತಾಂಶವನ್ನೇ ಅರ್ಜಿ ಜೊತೆ ಕಳಿಸ್ತೀನಿ. ಗುಡ್ಡ ಉಳೀಲಿ. ನಿಮ್ಮ ಲಾರಿಗೆ ಬೇರೆ ಬಾಡಿಗೆ ಸಿಗುತ್ತೆ.

ಇನ್ನೂ ಸಿಟ್ಟಿನಲ್ಲೇ ಇರುವ,
ಸೌಜನ್ಯ

ತಾ.ಕ.: ರೀ, ಕವರಿಗೆ ಅಂಟು ಹಚ್ಚೋ ಮುಂಚೆ ಯಾಕೋ ಸಮಾಧಾನ ಆಗಲಿಲ್ಲ. ಗುಡ್ಡದ ಚಿಪ್ಪಿನ ಡಬ್ಬಿ ತೆಗೆದು ಒಂದೊಂದನ್ನೇ ಲೆನ್ಸಿನಲ್ಲಿ ನೋಡಿದೆ. ಒಂದರ ಬಾಯಿಯೊಳಗೆ ಹುಣಸೆ ನಾರು ಸಿಕ್ಕಿಕೊಂಡಿದೆ. ಪ್ರತಿ ಸೋಮವಾರ ಪೂಜೆ ಸಾಮಾನು ತಿಕ್ಕೋದನ್ನ ಯಾರ ಕೈಗೂ ಕೊಡದೆ, ಹುಣಸೆಹಣ್ಣು ಹಾಕಿ ನೀವೇ ತಿಕ್ಕೋರು. ಇವನ್ನೂ ಹಂಗೇ ನೆನೆಹಾಕಿದ್ದಿರಿ ಅಲ್ಲವಾ? ಹಿತ್ತಾಳೆ ಹೊಳೀತದೆ. ಚಿಪ್ಪು ಸುಣ್ಣ ರೀ, ಹುಳಿಗೆ ಕರಗುತ್ತದೆ, ತೆಳ್ಳಗಿರೋ ಬಾಯಂಚು ಮೊದಲು. ಗುಡ್ಡದಿಂದ ಚಿಪ್ಪು ತಂದ ಚೀಲದ ಮೂಲೆಯಲ್ಲಿ ತೊಳೆಯದ ಒಂದು ಕೆಂಪು ಚಿಪ್ಪು ಉಳಿದಿತ್ತು, ಪಕ್ಕಕ್ಕಿಟ್ಟು ನೋಡಿದೆ. ಅದರ ಬಾಯಂಚು ಬುಕ್ಕಸಾಗರದ್ದರ ಹಾಗೇ ಇದೆ, ತೊಳೆದವುಗಳದ್ದು ಸವೆದಿದೆ. ಎರಡು ಪ್ರೋಗ್ರಾಮೂ ಸುಳ್ಳು ಹೇಳಿರಲಿಲ್ಲ. ಒಂದು ಬಾಯಿ ನೋಡಿತ್ತು, ಇನ್ನೊಂದು ಮೈ ನೋಡಿತ್ತು. ಹುಳವನ್ನ ಬೇರೆ ಮಾಡಿದ್ದು ಗುಡ್ಡ ಅಲ್ಲ, ನೀವು. ಬೈಯೋಣ ಅಂತ ಕೂತೆ, ನಗು ಬಂತು, ಹಿಂದೆಯೇ ಅಳು.

ಸೋಮವಾರ ಏನೂ ಕಳಿಸೋದಿಲ್ಲ. ಗುಡ್ಡ ಇರೋದರೊಳಗೆ ಹೊಸ ಚಿಪ್ಪು ಆರಿಸಿಕೊಂಡು ಬರಬೇಕು. ಅವು ಏನು ಹೇಳ್ತಾವೋ ಗೊತ್ತಿಲ್ಲ, ಹೇಳಿದ್ದನ್ನೇ ಬರೀತೀನಿ. ಗಣಿ ಗೇಟಿನೊಳಗೆ ನನ್ನನ್ನ ಬಿಡೋದಿಲ್ಲ, ನಿಮ್ಮ ಲಾರಿಯನ್ನ ಬಿಡ್ತಾರೆ. ಮುಂದಿನ ಭಾನುವಾರ ಬರ್ರಿ, ಕರಕೊಂಡು ಹೋಗ್ರಿ. ನನ್ನ ಜೊತೆ ನೀವೂ ಆರಿಸ್ರಿ. ತೊಳೀಬ್ಯಾಡ್ರಿ.