ಶನಿವಾರದ ಆಟಕ್ಕೆ ಮುಂಚೆ

ಸಲೂನಿನಿಂದ,
ಗುರುವಾರ ಮಧ್ಯಾಹ್ನ

ನನ್ನ ಕೋತಿಮರಿಗೆ,

ಅಕ್ಕನ ಮುದ್ದು, ಜೊತೆಗೆ ಒಂದು ಗುದ್ದು. "ಸೋಮವಾರ ರಾಜೀನಾಮೆ ಕೊಡ್ತೀನಿ ಅಕ್ಕಾ, ಇನ್ಮೇಲೆ ಪೋಕರೇ ನನ್ನ ಕೆಲಸ, ಒಂದಷ್ಟು ಹೇಳ್ಕೊಡು" ಎಂದು ನಿನ್ನೆ ನೀನು ಫೋನಿನಲ್ಲಿ ಹೇಳಿದೆ. ಬೇಡ ಎಂದರೆ ನೀನು ಕೇಳುವವಳಲ್ಲ. ಮಾತಾಡಲು ಹೋದರೆ ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು, ಕಡಿಮೆ ಆಡು. ಬಂದ ಇಸ್ಪೀಟು ಎಲೆಗಳಲ್ಲಿ ಹೆಚ್ಚಿನವು ಆಡದೆ ಕೆಳಗಿಡುವುದಕ್ಕೇ ಇರುವುದು. ಸುಮ್ಮನೆ ಕೂರುವುದು ನಿನಗೆ ಹುಟ್ಟಿದಾಗಿನಿಂದ ಆಗಿಲ್ಲ, ಗೊತ್ತು, ಆದರೂ ಕೂರು. ಎಲೆ ಬಿಟ್ಟ ಮೇಲೆ ಫೋನ್ ತೆಗೆಯಬೇಡ, ಮುಖಗಳನ್ನು ನೋಡು. ನಾನು ದಿನವಿಡೀ ಕನ್ನಡಿಯಲ್ಲಿ ಮಾಡುವುದು ಅದನ್ನೇ. ಕೂದಲು ಕತ್ತರಿಸಿಕೊಂಡವರು ಚೆನ್ನಾಗಿದೆ ಎನ್ನುವ ಮೊದಲೇ ಅದು ಸುಳ್ಳೋ ನಿಜವೋ ಕಣ್ಣು ಹೇಳಿರುತ್ತದೆ. ನಿನ್ನ ಎಲೆ ನೋಡಿ ಹಿಗ್ಗುವುದಕ್ಕಿಂತ ಎದುರಿನವರು ಯಾಕೆ ಇಷ್ಟು ಪಣ ಇಟ್ಟರು ಎಂದು ಯೋಚಿಸು.

ಇನ್ನು ಆ ರಾಣಿಯರ ಹುಚ್ಚು ಬಿಡು. ನಾವು ಮಂಚದ ಕೆಳಗೆ ಕೂತು ಆಟ ಕಲಿತ ಕಟ್ಟಿನಲ್ಲಿ ಎರಡು ರಾಣಿ ಕಳೆದುಹೋಗಿದ್ದವಲ್ಲ, ಅದಕ್ಕೇ ಇವತ್ತಿಗೂ ರಾಣಿ ಜೋಡಿ ಬಂದರೆ ನಿಧಿ ಸಿಕ್ಕಿತು ಎಂದುಕೊಳ್ಳುತ್ತೀಯ. ರಾಣಿಗಿಂತ ದೊಡ್ಡ ರಾಜ ಮೇಜಿನ ಮೇಲೆ ಬಿದ್ದರೂ ಬಿಡುವುದಿಲ್ಲ. ಹೊರಗಿನವರ ಕಟ್ಟಿನಲ್ಲಿ ನಾಲ್ಕೂ ಇವೆ ತಾಯಿ!

ಈಚೆಗೆ ಗೆಲ್ಲುತ್ತಿದ್ದೀಯ, ನಿಜ. ಆದರೆ ನೀನು ಬಡಾಯಿ ಕೊಚ್ಚಿದ ಆ ದೊಡ್ಡ ಗೆಲುವು ಇದೆಯಲ್ಲ, ಕೊನೆಯ ಎಲೆ ಕೈ ಹಿಡಿಯದಿದ್ದರೆ ಮಣ್ಣು ಮುಕ್ಕುತ್ತಿದ್ದೆ. ಗೆದ್ದೆನೋ ಸೋತೆನೋ ಎಂದಲ್ಲ, ಯೋಚನೆ ಸರಿಯಿತ್ತೇ ಎಂದು ನೋಡು. ಸೋತಾಗ ಮೈ ಉರಿಯುತ್ತದೆ; ಆ ಉರಿಯಲ್ಲಿ ಮುಂದಿನ ಆಟ ಆಡಬೇಡ, ಎದ್ದು ಹೊರಗೆ ಹೋಗು.

ನಿನ್ನ ಭಾವ ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು. ಪ್ರೆಸ್ಸಿನ ಕೆಲಸ ಇದ್ದಷ್ಟು ದಿನ ಗೆದ್ದರು. ಕೆಲಸ ಬಿಟ್ಟ ಮೇಲೆ ಅವರು ಮೇಜಿನ ಮೇಲೆ ಇಡುತ್ತಿದ್ದದ್ದು ಮನೆ ಬಾಡಿಗೆ. ಗೆಲ್ಲುವ ಎಲೆಯನ್ನೂ ಹೆದರಿ ಬಿಟ್ಟರು, ಆ ಹೆದರಿಕೆ ಮುಚ್ಚಲು ಇಲ್ಲದ ಧೈರ್ಯ ತೋರಿಸಿ ಸೋತರು. ಕೊನೆಗೆ ನನ್ನ ಮುಖ ನೋಡಲಾರದೆ ಮನೆ ಬಿಟ್ಟು ಹೊರಟೇಹೋದರು. ಆಮೇಲೆ ನಾನು ಎಲೆ ಮುಟ್ಟಿಲ್ಲ. ನೀನೂ ಅದೇ ದಾರಿ ಹಿಡಿದರೆ ನನ್ನಿಂದ ತಡೆದುಕೊಳ್ಳಲಾಗುವುದಿಲ್ಲ ಕಣೇ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ತರುವ ಆ ಸಂಬಳವೇ ಮೇಜಿನಲ್ಲಿ ನಿನ್ನ ಧೈರ್ಯ.

ಶನಿವಾರ ಹೊಟ್ಟೆ ತುಂಬ ಉಂಡು ಹೋಗು. ಹಸಿವಾದರೆ ನಿನಗೆ ತಲೆ ಓಡುವುದಿಲ್ಲ.

ನಿನ್ನ ಮೇಲೆ ಜೀವವೇ ಇಟ್ಟಿರುವ
ಅಕ್ಕ

ತಾ.ಕ.: ನಿಮ್ಮ ಆಟ ನಡೆಯುವ ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ ಶನಿವಾರಕ್ಕೆ ಒಂದು ಕುರ್ಚಿ ಖಾಲಿಯಿತ್ತು. ಅದನ್ನು ನಾನು ಹಿಡಿದಿದ್ದೇನೆ. ನೀನು ಕೂಡಿಟ್ಟದ್ದನ್ನೆಲ್ಲ ಗೆದ್ದುಕೊಂಡು, ಸೋಮವಾರ ನಿನ್ನನ್ನು ಕೆಲಸಕ್ಕೆ ಕಳಿಸಬೇಕೆಂದೇ ಬರುತ್ತಿದ್ದೇನೆ. ಎಷ್ಟು ಬೇಕಾದರೂ ಬೈದುಕೋ. ಕೈಯಲ್ಲಿ ಏನೂ ಇಲ್ಲದೆ ಪಣ ಏರಿಸುವಾಗ ನೀನು ಚಿಕ್ಕಂದಿನಿಂದ ನಿನಗೇ ಗೊತ್ತಾಗದಂತೆ ಮಾಡುವ ಒಂದು ಚೇಷ್ಟೆಯಿದೆ. ಅದನ್ನು ಮಾತ್ರ ಇಲ್ಲಿ ಬರೆದಿಲ್ಲ.