ಒಂದು ಗೇಣು ತೆರೆದ ಕಿಟಕಿ

ರೈಸ್ ಲೇಕ್, ವಿಸ್ಕಾನ್ಸಿನ್
೧ ನವೆಂಬರ್ ೨೦೨೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಗಂಟಲು ಕೆರೆಯುತ್ತಿದೆಯೇ? ಮೈ ಬಿಸಿಯಾಗಿದೆಯೇ? ಬೆಳಗಿನ ಕಾಫಿಯ ಪರಿಮಳ ಎಂದಿನಂತೆ ತಿಳಿಯಿತೇ? ಪ್ರತಿ ವಾರ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದ ಕ್ಷೇಮಸಮಾಚಾರವನ್ನು ಇವತ್ತು ಬಿಡಿಬಿಡಿಯಾಗಿ ಕೇಳುತ್ತಿದ್ದೇನೆ. ನಿನ್ನೆ ಸಂಜೆಯಿಂದ ನನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ನಿನ್ನೆ ಮಧ್ಯಾಹ್ನ ನಿನ್ನ ಕಿಟಕಿಯ ಬಳಿ ನಿಂತಿದ್ದವಳು ನಾನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು.

ಹ್ಯಾಲೋವೀನ್ ಹೇಗಾಯಿತೆಂದು ನೀನು ಕೇಳಿಯೇ ಕೇಳುತ್ತೀಯ. ಈ ಸಲ ವೇಷ ಹಾಕಿದ ಮಕ್ಕಳು ಮಿಠಾಯಿಗಾಗಿ ಬಾಗಿಲು ತಟ್ಟುವುದು ಬೇಡ, ಒಂದೇ ಬೋಗುಣಿಗೆ ಎಲ್ಲರೂ ಕೈ ಹಾಕುವುದೂ ಬೇಡ ಎಂದುಕೊಂಡು, ಅಂಗಳದ ನಿನ್ನ ಬಟ್ಟೆ ಒಣಹಾಕುವ ತಂತಿಯನ್ನು ರಸ್ತೆಯ ಕಡೆಗೆ ಎಳೆದು ಕಟ್ಟಿದೆ. ಕೈಗವಸು ಹಾಕಿಕೊಂಡು ಮಿಠಾಯಿಗಳನ್ನು ಪುಟ್ಟ ಕಾಗದದ ಚೀಲಗಳಿಗೆ ತುಂಬಿದೆ. ನಿನ್ನ ಮರದ ಕ್ಲಿಪ್ಪುಗಳಿಂದ, ಒಂದಕ್ಕೊಂದು ತಾಗದಂತೆ ಸಿಕ್ಕಿಸಿದೆ. ಬಂದವರು ಒಂದೊಂದು ಕಿತ್ತುಕೊಂಡು ಮುಂದೆ ಹೋಗಬೇಕು. ಎದುರು ಮನೆಯ ಹಾರ್ಲನ್ ತನ್ನ ಮೆಟ್ಟಿಲ ಮೇಲೆ ಬಿಯರ್ ಹಿಡಿದು ಕೂತು, "ಲೋರ್ನಾ, ಹಬ್ಬ ಮಾಡ್ತಿದೀಯೋ, ಬಟ್ಟೆ ಒಗ್ದು ಹಾಕಿದೀಯೋ? ನನ್ನ ಚಡ್ಡೀನೂ ಒಂದೆರಡು ತಂದ್ಕೊಡ್ಲಾ?" ಎಂದು ಕೂಗಿದ. ಬೀದಿಯವರೆಲ್ಲ ನಕ್ಕರು. ನನಗೆ ಒಳಗೊಳಗೇ ಹೆಮ್ಮೆ. ಯಾರು ಏನೇ ಅನ್ನಲಿ, ನಮ್ಮ ಮನೆಯಿಂದ ಯಾವ ಮಗುವಿಗೂ ಕಾಯಿಲೆ ಹೋಗುವುದಿಲ್ಲ ಎಂದುಕೊಂಡೆ.

ಆ ಹೆಮ್ಮೆ ಪಡುವ ಹೊತ್ತಿಗಾಗಲೇ ನಾನು ನಿನ್ನಲ್ಲಿಗೆ ಬಂದು ಹೋಗಿದ್ದೆ. ವೃದ್ಧಾಶ್ರಮದ ಸುತ್ತ ಮೊಮ್ಮಕ್ಕಳೆಲ್ಲ ವೇಷ ಹಾಕಿ ಕಿಟಕಿಯಿಂದ ಕಿಟಕಿಗೆ ಮೆರವಣಿಗೆ ಹೋಗುತ್ತಿದ್ದರು. ನರ್ಸ್ ಡೆನಿಸ್ ನಿನಗಾಗಿ ಕಿಟಕಿಯನ್ನು ಒಂದು ಗೇಣು ತೆರೆದು, "ಇಷ್ಟೇ, ಇದಕ್ಕಿಂತ ಒಂದಿಂಚು ಜಾಸ್ತಿ ಇಲ್ಲ" ಎಂದು ಹೇಳಿ ಬೇರೆ ಕೋಣೆಗೆ ಹೋದಳು. ಒಳಗೆ ಪಕ್ಕದ ಮಂಚದಲ್ಲಿ ಓಪಲ್ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದರು. ನಿನ್ನ ಮೊಮ್ಮಗಳು ಮ್ಯಾರೆನ್ ಬೆಳ್ಳಿಕಾಗದ ಅಂಟಿಸಿದ ರಟ್ಟಿನ ಪೆಟ್ಟಿಗೆ ತೊಟ್ಟು ನಿನ್ನ ಮುಂದೆ ನಿಂತಳು. ನೀನು ಮೇಲಿಂದ ಕೆಳಗೆ ನೋಡಿ, "ಇದೇನೇ ಪುಟ್ಟಿ, ಅಂಚೆ ಡಬ್ಬಿನಾ?" ಎಂದೆ. ಅವಳು ಮಾಸ್ಕಿನೊಳಗಿಂದ ಕಿರುಚಿದಳು, ನಾನೂ ಕಿರುಚಿದೆ. ಜನರ ತುಟಿ ನೋಡಿಯೇ ಮಾತು ಹಿಡಿಯುವವಳು ನೀನು. ಮಾರ್ಚಿನಿಂದ ನಿನಗೆ ಎಲ್ಲರೂ ಮೂಕರೇ. "ಬಾಯಿಗೆ ಬಟ್ಟೆ ಕಟ್ಕೊಂಡು ಗೊಣಗಿದ್ರೆ ನಂಗೇನು ತಿಳೀಬೇಕು? ಬಾಯಿ ತೋರ್ಸೇ, ಲೋರ್ನಾ" ಎಂದು ನೀನು ಕಿಟಕಿಯ ಸಂದಿಗೆ ಮುಖ ತಂದೆ. ನಾನು ಸುತ್ತ ನೋಡಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಬಾಗಿ, "ಟೋಸ್ಟರ್" ಎಂದೆ. ನೀನು ಎಷ್ಟು ನಕ್ಕೆ. ಆ ನಗು ನೋಡಿದ ಮೇಲೆ ಮಾಸ್ಕ್ ಏರಿಸಲು ಮನಸ್ಸೇ ಬರಲಿಲ್ಲ. ನಿನ್ನ ಅಳಿಯ ಡೇಲ್‌ನ ಬೆನ್ನುನೋವು, ಹಿಟ್ಟಿನ ಬೆಲೆ, ನಿನ್ನ ಸೇಬಿನ ಮರ, ಹೀಗೆ ಎಲ್ಲವನ್ನೂ ಬರಿಬಾಯಲ್ಲೇ ಹೇಳಿದೆ.

ಸಂಜೆ ಕೊನೆಯ ಮಕ್ಕಳು ಹೋದ ಮೇಲೆ ಮ್ಯಾರೆನ್, "ಅಮ್ಮಾ, ಕುಂಬಳಕಾಯಿ ಸೀದು ಹೋಗ್ತಿದೆ, ವಾಸ್ನೆ ಬರ್ತಿಲ್ವಾ?" ಎಂದಳು. ಹಬ್ಬಕ್ಕೆಂದು ಮುಖ ಕೊರೆದು ಒಳಗಿಟ್ಟಿದ್ದ ಮೇಣದಬತ್ತಿಯ ಬಿಸಿಗೆ ಅದರ ಮುಚ್ಚಳ ಕಪ್ಪಾಗಿತ್ತು. ಆ ವಾಸನೆ ಬಂದರೇನೇ ಹಬ್ಬ ಎಂದು ನೀನು ಪ್ರತಿ ವರ್ಷ ಹೇಳುತ್ತಿದ್ದೆಯಲ್ಲ. ನಾನು ಮುಚ್ಚಳವನ್ನು ಮೂಗಿಗೇ ಹಿಡಿದೆ. ಏನೂ ಇಲ್ಲ. ಕಾಫಿ ಡಬ್ಬಿ ತೆರೆದೆ, ಈರುಳ್ಳಿ ಕೊಯ್ದೆ. ಕಣ್ಣಲ್ಲಿ ನೀರು ಬಂತು, ಮೂಗಿಗೆ ಏನೂ ತಿಳಿಯಲಿಲ್ಲ.

ಬೆಳಿಗ್ಗೆ ಎದ್ದವಳೇ ಡೆನಿಸ್‌ಗೆ ಫೋನ್ ಮಾಡಿದೆ. ಅವಳು, "ಮಾಸ್ಕ್ ಹಾಕ್ಕೊಂಡೇ ಇದ್ರಿ ತಾನೇ? ಹಾಗಾದ್ರೆ ಅಷ್ಟು ಗಾಬರಿ ಬೇಡ, ನೋಡ್ಕೋತೀವಿ" ಎಂದಳು. ನಾನು "ಹೂಂ" ಎಂದೆ. ನಿಜ ಹೇಳಿದರೆ ಎಲ್ಲರ ಕಿಟಕಿಗಳನ್ನೂ ಮುಚ್ಚುತ್ತಾರೆ, ನಿನ್ನನ್ನು ಎರಡು ವಾರ ಒಂಟಿ ಕೋಣೆಯಲ್ಲಿ ಇಡುತ್ತಾರೆ, ಅಲ್ಲಿ ನಿನಗೆ ಒಂದು ಮುಖವೂ ಕಾಣುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಬೀದಿಗೆಲ್ಲ ಜಾಗ್ರತೆ ಹೇಳಿದವಳು ನಾನು, ಹೇಳಿಕೊಳ್ಳಲು ನಾಚಿಕೆಯಾಯಿತು. ಚಳಿಗಾಲಕ್ಕೆಂದು ಊರೆಲ್ಲ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ ಇವತ್ತು. ನಿನ್ನ ಗೋಡೆ ಗಡಿಯಾರವನ್ನೂ ತಿರುಗಿಸಿದೆ. ನಿನ್ನೆ ಮಧ್ಯಾಹ್ನಕ್ಕೆ ಹಿಂತಿರುಗಲು ಒಂದು ಗಂಟೆ ಸಾಲದು. ಆಗಿನಿಂದ ಕಣ್ಣು ಮುಚ್ಚಿದರೆ ಓಪಲ್ ಅವರ ಕೊಳವೆಯೇ ಕಾಣುತ್ತಿದೆ.

ನಾಳೆ ಕೊರೋನಾ ಪರೀಕ್ಷೆ ಮಾಡಿಸುತ್ತೇನೆ. ಮ್ಯಾರೆನ್ ಮತ್ತು ಡೇಲ್ ಸದ್ಯಕ್ಕೆ ಚೆನ್ನಾಗಿದ್ದಾರೆ, ನಿನ್ನನ್ನು ವಿಚಾರಿಸಿದ್ದಾರೆ. ಬಿಸಿನೀರು ಕುಡಿ, ಸ್ವೆಟರ್ ತೆಗೆಯಬೇಡ. ದೇವರು ನಿನ್ನನ್ನೂ ಓಪಲ್ ಅವರನ್ನೂ ಕಾಯಲಿ.

ನಿನ್ನ ಮಗಳು,
ಲೋರ್ನಾ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಡೆನಿಸ್‌ಗೆ ಮತ್ತೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು, "ನಿಮ್ಮಮ್ಮನ್ನೂ ಬರೆದು ಕೇಳಿದ್ದೆ. ನನ್ನ ಮಗಳು ಮೂಗಿನ ಕೆಳಗೂ ಇಳಿಸ್ಲಿಲ್ಲ ಅಂತ ಆಣೆ ಹಾಕಿದ್ರು" ಎಂದಳು. ಅಮ್ಮಾ, ನನಗಾಗಿ ಇನ್ನು ಸುಳ್ಳು ಹೇಳಬೇಡ. ರಾತ್ರಿ ಊಟಕ್ಕೆ ಮೊದಲೇ ನಿನ್ನನ್ನು ಕೊನೆಯ ಕೋಣೆಗೆ ಒಯ್ಯುತ್ತಾರೆ, ಓಪಲ್ ಅವರನ್ನೂ ಬೇರೆ ಇಟ್ಟು ಪರೀಕ್ಷಿಸುತ್ತಾರೆ. ಸಿಟ್ಟೆಲ್ಲ ನನ್ನ ಮೇಲಿರಲಿ. ಡೆನಿಸ್ ಮೇಲೆ ಬೇಡ. ಹಾರ್ಲನ್ ಈ ಪತ್ರದ ಜೊತೆ ಮ್ಯಾರೆನ್‌ಳ ಸ್ಲೇಟನ್ನೂ ಬಾಗಿಲಲ್ಲಿ ಕೊಟ್ಟು ಬರುತ್ತಾನೆ, ಅಲ್ಲಿಯವರು ಅದರ ಚೌಕಟ್ಟನ್ನು ಒರೆಸಿ ನಿನಗೆ ಕೊಡುತ್ತಾರೆ. ಯಾರು ಬಂದರೂ ಅದರ ಮೇಲೆ ಬರೆಸು, ಯಾರಿಗೂ ಬಾಯಿ ತೋರಿಸು ಅನ್ನಬೇಡ. ಇದು ನನಗೆ ನಿನ್ನೆಯೇ ಹೊಳೆಯಬೇಕಿತ್ತು. ಸ್ಲೇಟಿನ ಮೇಲೆ ಮ್ಯಾರೆನ್ ಆಗಲೇ ಒಂದು ಪದ ಬರೆದಿದ್ದಾಳೆ: ಟೋಸ್ಟರ್.